ಜನವರಿಯ ಗುರಿ ಜುಲೈ ಮಳೆ ದಾಟಬೇಕಾದರೆ

ಹೊಸ ವರ್ಷದ ಗುರಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಬಹುಪಾಲು ಶಿವಮೊಗ್ಗ ಜಿಲ್ಲೆಯಿಂದಲೇ ಬಂದಿದ್ದರಿಂದ ಉತ್ತರಗಳೂ ಮಲೆನಾಡಿನ ಮಳೆ, ತೋಟ, ಕೊಯ್ಲುಗಳ ಲೆಕ್ಕದಲ್ಲೇ ಇವೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇವೆ. ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಪ್ರತಿ ವರ್ಷ ಡೈರಿಯ ಮೊದಲ ಪುಟದಲ್ಲಿ ಹತ್ತು ಗುರಿ ಬರೆಯುತ್ತೇನೆ. ಆರೋಗ್ಯ ನೋಡಿಕೊಳ್ಳುವುದು, ಸಾಲ ತೀರಿಸುವುದು, ಇಂಗ್ಲಿಷ್ ಕಲಿಯುವುದು, ತೋಟಕ್ಕೆ ಕಾಳುಮೆಣಸು ಹಬ್ಬಿಸುವುದು, ಮನೆಯವರಿಗೆ ಸಮಯ ಕೊಡುವುದು, ಹೀಗೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಒಂದೂ ಉಳಿದಿರುವುದಿಲ್ಲ. ನನಗೆ ಛಲವೇ ಇಲ್ಲವೆ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಛಲದ ಮಾತು ಆಮೇಲೆ, ಮೊದಲು ತಿಂಗಳು ನೋಡಿ. ಜನವರಿಯಲ್ಲಿ ನಿಮ್ಮ ಕಡೆ ಕೊನೆ (ಅಡಿಕೆ ಗೊನೆ) ಕೊಯ್ಲು ಇನ್ನೂ ಮುಗಿದಿರುವುದಿಲ್ಲ. ಬೆಳಿಗ್ಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ದಾರಿ ಕಾಯಬೇಕು, ರಾತ್ರಿ ಸುಲಿತ, ಹಂಡೆಯಲ್ಲಿ ಬೇಯುತ್ತಿರುವ ಅಡಿಕೆ, ಅದಕ್ಕೆ ಬಣ್ಣ ಕೊಡುವ ಚೊಗರಿನ ಹದ, ಮೋಡ ಕಂಡರೆ ಒಣಗಲು ಹರಡಿದ್ದನ್ನು ಮುಚ್ಚಲು ಓಟ. ವರ್ಷದಲ್ಲಿ ಬಿಡುವು ಅತಿ ಕಡಿಮೆ ಇರುವ ವಾರಗಳಲ್ಲೇ ಹತ್ತು ಹೊಸ ಕೆಲಸ ಶುರು ಮಾಡಿದರೆ ಯಾರದ್ದೂ ನಿಲ್ಲುವುದಿಲ್ಲ.

ಸಮಯ ಎಷ್ಟು ಸಿಗುತ್ತದೆ ಎಂದು ಕಾಗದದ ಮೇಲೆ ಒಮ್ಮೆ ಕಳೆದು ನೋಡಿ. ವಾರಕ್ಕೆ 168 ಗಂಟೆ. ನಿದ್ದೆಗೆ 50 ಹೋಯಿತು. ಕೊಯ್ಲಿನ ಕಾಲದಲ್ಲಿ ತೋಟ, ಸುಲಿತ, ಕೊಟ್ಟಿಗೆ ಸೇರಿ 70 ಎಂದಿಟ್ಟುಕೊಳ್ಳಿ. ಊಟ, ಸ್ನಾನ, ಪೂಜೆ, ಪೇಟೆ, ನೆಂಟರ ಮನೆಯ ಕಾರ್ಯ ಎಲ್ಲಕ್ಕೂ 30. ಉಳಿದದ್ದು 18, ಅದೂ ಕಾಲು ಗಂಟೆ, ಅರ್ಧ ಗಂಟೆಯ ಚೂರುಗಳಲ್ಲಿ. ನಿಜವಾಗಿ ಬಳಸಲು ಬರುವುದು ಐದಾರು ಗಂಟೆ. ಒಂದು ಹೊಸ ಅಭ್ಯಾಸಕ್ಕೆ ವಾರಕ್ಕೆ ಎರಡು-ಮೂರು ಗಂಟೆಯಾದರೂ ಬೇಕು. ಅಲ್ಲಿಗೆ ಎರಡು ಗುರಿ ಆಯಿತು. ಉಳಿದ ಎಂಟನ್ನು ಅಳಿಸಬೇಡಿ, ಡೈರಿಯ ಕೊನೆಯ ಪುಟಕ್ಕೆ ‘ಈ ವರ್ಷ ಇಲ್ಲ’ ಎಂಬ ತಲೆಬರಹ ಕೊಟ್ಟು ಸಾಗಿಸಿ. ಹಾಗೆ ಬರೆಯದಿದ್ದರೆ ಅವು ದಿನವೂ ತಲೆಯಲ್ಲಿ ಕೂತು ಚುಚ್ಚುತ್ತವೆ.

ಯಾವ ಎರಡು? ಪ್ರತಿಯೊಂದಕ್ಕೂ ಕೇಳಿಕೊಳ್ಳಿ: ಇದನ್ನು ಈ ವರ್ಷ ಮಾಡದಿದ್ದರೆ ಏನು ನಷ್ಟ? ಇದಾದರೆ ಪಟ್ಟಿಯಲ್ಲಿ ಬೇರೆ ಯಾವುದು ಹಗುರಾಗುತ್ತದೆ? ನಿಮ್ಮ ಪಟ್ಟಿಯಲ್ಲಿ ಕಾಳುಮೆಣಸು ಮುಂದೆ ಸಾಲಕ್ಕೂ ಆಗುತ್ತದೆ. ಇಂಗ್ಲಿಷ್ ಮುಂದಿನ ವರ್ಷಕ್ಕೆ ಹೋದರೂ ಯಾರೂ ಬಾಗಿಲು ತಟ್ಟುವುದಿಲ್ಲ. ‘ಮನೆಯವರಿಗೆ ಸಮಯ’ ಅನ್ನುವುದು ಒಳ್ಳೆಯ ಆಸೆಯೇ, ಆದರೆ ಅದರಲ್ಲಿ ಮಾಡಬೇಕಾದ ಕೆಲಸ ಏನೆಂದೇ ಇಲ್ಲ. ‘ಭಾನುವಾರ ರಾತ್ರಿ ಊಟದ ಹೊತ್ತಿಗೆ ಮೊಬೈಲ್ ದೇವರ ಕೋಣೆಯಲ್ಲಿ’ ಅಂದರೆ ಇದೆ.

ಕಾಳುಮೆಣಸನ್ನೇ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕೋಣ, ಉಳಿದ ಯಾವ ಗುರಿಗೂ ಇದೇ ಕ್ರಮ. ಬಳ್ಳಿ ನೆಡುವುದು ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ. ಅಷ್ಟರೊಳಗೆ ಬೇರು ಬಂದ ಗಿಡ ಕೈಯಲ್ಲಿರಬೇಕು. ಮನೆಯಲ್ಲೇ ಮಾಡುವುದಾದರೆ ಬುಡದಲ್ಲಿ ಹರಿದಾಡುವ ಹಂಬನ್ನು ಫೆಬ್ರವರಿ-ಮಾರ್ಚ್‌ನಲ್ಲಿ ಎರಡು ಮೂರು ಗಿಣ್ಣಿಗೆ ಕತ್ತರಿಸಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಬೇಕು. ಕೊಳ್ಳುವುದಾದರೆ ನರ್ಸರಿಗೆ ಆಗಲೇ ಹೇಳಿಡಬೇಕು, ಮೇ ಕೊನೆಗೆ ಹೋದರೆ ಬೇಕಾದ ಪಣಿಯೂರು-1 ತಳಿ ಸಿಗದೆ ಸಿಕ್ಕಿದ್ದನ್ನು ತರುತ್ತೀರಿ. ಹಾಗಿದ್ದರೆ ಜನವರಿಯ ಕೆಲಸ ಏನು? ಬಳ್ಳಿ ಹಬ್ಬಿಸಲು ನೂರು ಗಟ್ಟಿ ಮರ ಆರಿಸಿ ಸುಣ್ಣದ ಗುರುತು ಹಾಕುವುದು, ಬಸಿಗಾಲುವೆ ಎಲ್ಲಿ ಮುಚ್ಚಿದೆ ನೋಡಿಡುವುದು. ನೀರು ನಿಲ್ಲುವ ಕಡೆ ನೆಟ್ಟ ಬಳ್ಳಿ ಸೊರಗು ರೋಗಕ್ಕೆ ಮೊದಲ ತುತ್ತು. ಈ ಎರಡೂ ಕೊಯ್ಲಿನ ನಡುವೆಯೇ, ಹೇಗೂ ತೋಟದಲ್ಲಿ ನಿಂತಿರುವಾಗ ಆಗುವ ಕೆಲಸ.

‘ಕಾಳುಮೆಣಸು ಹಬ್ಬಿಸುವುದು’ ಎಂದು ಬರೆದಾಗ ಜನವರಿಯಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ, ಆದ್ದರಿಂದ ಏನೂ ಆಗಲಿಲ್ಲ. ಬರೆದ ಸಾಲು ಸರಿಯಾಗಿದೆಯೇ ಎಂದು ನೋಡಲು ಒಂದು ಉಪಾಯ: ನಿಮ್ಮನ್ನು ಅರಿಯದ ಒಬ್ಬರು ಅದನ್ನು ಓದಿ, ತೋಟಕ್ಕೆ ಬಂದು ನೋಡಿ, ‘ಆಗಿದೆ’ ಅಥವಾ ‘ಆಗಿಲ್ಲ’ ಎಂದು ಹೇಳಲು ಬರಬೇಕು.

ಕೊನೆಯದಾಗಿ, ವರ್ಷವನ್ನು ಹನ್ನೆರಡು ಸಮ ತಿಂಗಳಾಗಿ ನೋಡಬೇಡಿ. ನಮ್ಮಲ್ಲಿ ಅದು ನಾಲ್ಕು ತುಂಡು: ಕೊಯ್ಲು-ಸುಲಿತ, ಬೇಸಿಗೆಯಲ್ಲಿ ಮದುವೆ, ಜಾತ್ರೆ, ಗೊಬ್ಬರ, ನೀರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನವರಾತ್ರಿಯಿಂದ ಮತ್ತೆ ಕೊಯ್ಲು ಶುರುವಾಗುವವರೆಗಿನ ಸಣ್ಣ ಬಿಡುವು. ಓದು, ಲೆಕ್ಕಪತ್ರ, ಮನೆಯೊಳಗೆ ಕೂತು ಕಲಿಯುವ ಕೆಲಸವನ್ನು ಮಳೆಗಾಲಕ್ಕೆ ಇಡಿ. ಓಡಾಟ ಬೇಕಾದ್ದನ್ನು ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ.

ಪ್ರಶ್ನೆ: ಹಾಗಾದರೆ ಜನವರಿ ಒಂದಕ್ಕಿಂತ ಯುಗಾದಿಗೇ ಶುರು ಮಾಡುವುದು ಒಳ್ಳೆಯದಲ್ಲವೆ?
(ಸೊರಬ)

ತೋಟದ ಮನೆಯವರಿಗೆ ಹೌದು. ಅಷ್ಟು ಹೊತ್ತಿಗೆ ಅಡಿಕೆ ಒಣಗಿ ಚೀಲ ಸೇರಿರುತ್ತದೆ, ಸೊಸೈಟಿ ಸಾಲದ ಗಡುವೂ ಕೆಲವು ವರ್ಷ ಕಳೆದಿರುತ್ತದೆ. ಸಂಬಳದವರಿಗೆ ಜನವರಿ, ಮಕ್ಕಳಿರುವವರಿಗೆ ಜೂನ್‌ನಲ್ಲಿ ಶಾಲೆ ಶುರುವಾಗುವ ವಾರವೂ ನಡೆಯುತ್ತದೆ. ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬದ ಮರುದಿನ, ಇಂಥ ಹೊತ್ತಿನಲ್ಲಿ ಜಿಮ್‌ಗೆ ಹೋಗುವವರು ಹೆಚ್ಚಾಗುತ್ತಾರೆ ಎಂದು ಅಮೆರಿಕದ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ದಿನ ಯಾವುದಾದರೂ ಆರಂಭದ ಹುರುಪು ಬರುತ್ತದೆ. ಅದು ಬಹಳ ದಿನ ಉಳಿಯುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ವಯಸ್ಸು 36, ಕೂತು ಮಾಡುವ ಕೆಲಸ. ಮೂರು ತಿಂಗಳಲ್ಲಿ 12 ಕೆಜಿ ಇಳಿಸಬೇಕೆಂದು ಹೋದ ವರ್ಷ ನೆಹರೂ ಕ್ರೀಡಾಂಗಣಕ್ಕೆ ನಡೆಯಲು ಹೋದೆ. ಎರಡನೇ ವಾರ ಮಂಡಿ ನೋವು, ಆಮೇಲೆ ಬಿಟ್ಟೇಬಿಟ್ಟೆ. ಈ ಸಲ ಹೇಗೆ ಮಾಡಲಿ?
(ಶಿವಮೊಗ್ಗ)

ಎರಡು ಕಡೆ ಲೆಕ್ಕ ತಪ್ಪಿದೆ. ಒಂದು, ವೇಗ. ವಾರಕ್ಕೆ ಸುಮಾರು ಅರ್ಧ ಕೆಜಿ ಇಳಿಯುವುದು ದೇಹ ತಡೆದುಕೊಳ್ಳುವ ವೇಗ. ಆ ಲೆಕ್ಕದಲ್ಲಿ 12 ಕೆಜಿಗೆ ಆರು ತಿಂಗಳು ಬೇಕು. ಮೂರು ತಿಂಗಳು ಎಂದು ಬರೆದವರು ಆರನೇ ವಾರಕ್ಕೆ ಮೂರು ಕೆಜಿ ಇಳಿದಿದ್ದರೂ ಸೋತೆ ಅಂದುಕೊಳ್ಳುತ್ತಾರೆ, ನಿಜಕ್ಕೂ ಅವರು ಸರಿಯಾದ ದಾರಿಯಲ್ಲೇ ಇರುತ್ತಾರೆ. ಇನ್ನೊಂದು, ಮೊದಲ ದಿನವೇ ಐದು ಕಿಲೋಮೀಟರ್ ನಡೆದಿರಬೇಕು. ಉಸಿರು ಬೇಗ ಹೊಂದಿಕೊಳ್ಳುತ್ತದೆ. ಸ್ನಾಯು, ಕೀಲುಗಳಿಗೆ ಇನ್ನಷ್ಟು ವಾರ ಬೇಕು. ಹಾಗಾಗಿ ಎರಡನೇ ವಾರದಲ್ಲಿ ಹುರುಪು ಇರುವಾಗಲೇ ಮಂಡಿ ಕೈಕೊಡುತ್ತದೆ.

ಮೊದಲ ವಾರ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ. ಪ್ರತಿ ವಾರ ಐದೈದು ನಿಮಿಷ ಹೆಚ್ಚಿಸಿ. ನಾಲ್ಕನೇ ವಾರಕ್ಕೆ ದಿನಕ್ಕೆ 30 ನಿಮಿಷ, ವಾರಕ್ಕೆ 150. ವಯಸ್ಕರಿಗೆ ಕನಿಷ್ಠ ಇಷ್ಟಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು ಸಾಕು.

ನಡಿಗೆಯೊಂದರಿಂದ ತೂಕ ಇಳಿಯುವುದು ನಿಧಾನ. ಕಾಫಿಯ ಸಕ್ಕರೆ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ ಅಂದರೆ 40 ಗ್ರಾಂ. ತಿಂಗಳಿಗೆ ಒಂದು ಕೆಜಿ ಇನ್ನೂರು ಗ್ರಾಂ ಸಕ್ಕರೆ, ಬರೀ ಕಾಫಿಯಲ್ಲಿ. ದಿನಕ್ಕೆ 160 ಕ್ಯಾಲರಿಯಂತೆ ತಿಂಗಳಿಗೆ 4,800. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಎಂದು ಹಿಡಿದರೆ ಅರ್ಧ ಕೆಜಿಗಿಂತ ತುಸು ಹೆಚ್ಚು. ಒಮ್ಮೆಗೇ ಬಿಟ್ಟರೆ ಮೂರನೇ ದಿನ ಕಾಫಿಯೇ ರುಚಿಸದೆ ಮತ್ತೆ ಹಾಕಿಕೊಳ್ಳುತ್ತೀರಿ. ಎರಡು ವಾರ ಒಂದೂವರೆ ಚಮಚ, ಮುಂದಿನೆರಡು ವಾರ ಒಂದು, ಆಮೇಲೆ ಅರ್ಧ. ನೆಂಟರ ಮನೆಯಲ್ಲಿ ಕೊಟ್ಟದ್ದನ್ನು ಕುಡಿದುಬಿಡಿ, ಅಲ್ಲಿ ವಾದ ಬೇಡ.

ತೂಕ ನೋಡುವುದು ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಬೆಳಿಗ್ಗೆ ಹೊಟ್ಟೆ ಖಾಲಿ ಇರುವಾಗ, ಒಂದೇ ತಕ್ಕಡಿಯಲ್ಲಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾಗಿದ್ದರೆ ನೀರು ನಿಂತು ಒಂದು ಕೆಜಿಯವರೆಗೂ ಹೆಚ್ಚು ತೋರಿಸಬಹುದು. ಅದು ಕೊಬ್ಬಲ್ಲ.

ಇನ್ನು ಮಳೆ. ಆರು ತಿಂಗಳ ಯೋಜನೆಗೆ ಜೂನ್ ಬಂದೇ ಬರುತ್ತದೆ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದ ಅಧ್ಯಯನ ಮಾಡಿದ್ದು ಇಂಥ ಹೊತ್ತಿಗೇ ಬರುವ ಒಂದು ಕ್ರಮವನ್ನು: ‘ಹೀಗಾದರೆ, ಹಾಗೆ ಮಾಡುತ್ತೇನೆ’ ಎಂದು ಮೊದಲೇ ಬರೆದಿಟ್ಟವರು, ಸುಮ್ಮನೆ ‘ಮಾಡುತ್ತೇನೆ’ ಅಂದವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ನಿಮ್ಮದು ಹೀಗಿರಲಿ: ‘ಬೆಳಿಗ್ಗೆ ಆರಕ್ಕೆ ಮಳೆ ಬರುತ್ತಿದ್ದರೆ ಜಗಲಿಯಲ್ಲೋ ಮಹಡಿ ಮೆಟ್ಟಿಲ ಮೇಲೋ 15 ನಿಮಿಷ.’ ಅರ್ಧ ಹೊತ್ತಾದರೂ ಪರವಾಗಿಲ್ಲ, ಆ ಹೊತ್ತು ಬೇರೆ ಕೆಲಸಕ್ಕೆ ಹೋಗದಿದ್ದರೆ ಸಾಕು. ಶೂ ಎರಡು ಜೊತೆ ಬೇಕು. ಜುಲೈಯಲ್ಲಿ ಒಂದೇ ಜೊತೆ ಒಣಗುವುದೇ ಇಲ್ಲ, ‘ಶೂ ಒದ್ದೆ’ ಅಂತಲೇ ನಾಲ್ಕು ದಿನ ಹೋಗುತ್ತದೆ.

ಮಂಡಿ ನೋವು ಇನ್ನೂ ಇದ್ದರೆ, ನಡೆಯುವಾಗ ಎದೆ ಹಿಡಿದಂತಾದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ತೋರಿಸಿ. ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು.

ಪ್ರಶ್ನೆ: ನಮ್ಮ ಮನೆಯ ಹಿಂದೆಯೇ ಕಾಡು. ದಿನಾ ಬೆಳಿಗ್ಗೆ ಕಾಡಿನ ಕಾಲುದಾರಿಯಲ್ಲಿ ನಡೆಯುವುದು ಈ ವರ್ಷದ ಗುರಿ. ಸರಿಯೆ?
(ಕೊಪ್ಪ ತಾಲ್ಲೂಕು)

ಡಿಸೆಂಬರ್‌ನಿಂದ ಮೇವರೆಗೆ ಟಾರು ರಸ್ತೆಯಲ್ಲೇ ನಡೆಯಿರಿ. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗು (ಉಣ್ಣೆ) ಕಚ್ಚಿ ಬರುತ್ತದೆ. ಆ ತಿಂಗಳುಗಳಲ್ಲಿ ದರಗಿನ (ಒಣ ಎಲೆಗಳ) ಮೇಲೆ ಓಡಾಡುವ ಮರಿ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು. ಸೊಪ್ಪು, ದರಗು ತರಲು ಹೋಗಲೇಬೇಕಾದವರು ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದಲ್ಲಿ ಈ ಭಯ ಕಡಿಮೆ, ಆದರೆ ಆಗ ಇಂಬಳ (ಜಿಗಣೆ)!

ಪ್ರಶ್ನೆ: ‘ತಿಂಗಳಿಗೆ ಹತ್ತು ಸಾವಿರ ಉಳಿಸಿ’ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ದುಡ್ಡು ಬರುವುದೇ ವರ್ಷಕ್ಕೊಮ್ಮೆ, ಅಡಿಕೆ ಕೊಟ್ಟಾಗ. ಬಂದದ್ದು ಶ್ರಾವಣಕ್ಕೆ ಖಾಲಿ. ಉಳಿತಾಯದ ಗುರಿ ಹೇಗೆ ಇಡುವುದು?
(ಸಾಗರ ತಾಲ್ಲೂಕು)

ತಿಂಗಳ ಉಳಿತಾಯದ ಸಲಹೆ ಸಂಬಳದವರಿಗಾಗಿ ಹುಟ್ಟಿದ್ದು. ನಿಮ್ಮ ಗುರಿ ತಿಂಗಳಿಗಲ್ಲ, ಮಾರಾಟದ ದಿನಕ್ಕೆ ಕಟ್ಟಿರಬೇಕು. ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲಿ ಕೊಡಿ, ಮಂಡಿಯಲ್ಲಿ ಕೊಡಿ, ಹಣ ಖಾತೆಗೆ ಬಿದ್ದ ದಿನವೇ ಪಾಲು ಮಾಡಿ ಮುಗಿಸಬೇಕು. ಒಂದು ವಾರ ಬಿಟ್ಟರೆ ಅದು ಬೈಕಾಗಿಯೋ ಟಿವಿಯಾಗಿಯೋ ಕಾಣತೊಡಗುತ್ತದೆ.

ಮೊದಲು ಬೆಲೆ. ಇವತ್ತಿನ ಧಾರಣೆ ಹಿಡಿದು ಲೆಕ್ಕ ಹಾಕಬೇಡಿ, ಕಳೆದ ಮೂರು ವರ್ಷಗಳಲ್ಲಿ ನಿಮಗೆ ಸಿಕ್ಕ ಅತಿ ಕಡಿಮೆ ಬೆಲೆ ಹಿಡಿಯಿರಿ. ಫಸಲೂ ಹಾಗೆಯೇ, ಕೊಳೆ ರೋಗ ಬಂದ ವರ್ಷದ ಚೀಲದ ಲೆಕ್ಕ. ಉದಾಹರಣೆಗೆ ಹತ್ತು ಕ್ವಿಂಟಲ್, ಕ್ವಿಂಟಲಿಗೆ 40,000 ಎಂದಿಟ್ಟುಕೊಳ್ಳೋಣ, ನಾಲ್ಕು ಲಕ್ಷ. ಇದರಲ್ಲಿ ಮೊದಲ ಪಾಲು ಮುಂದಿನ ವರ್ಷದ ತೋಟಕ್ಕೆ: ಗೊಬ್ಬರ, ಕೊನೆ ಕೊಯ್ಲು, ಸುಲಿತದ ಕೂಲಿ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ. ಬೋರ್ಡೋಗೆ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ಮರೆಯುವುದು ಹೊಡೆಯುವವರ ಕೂಲಿ, ಅದೂ ಎರಡು ಸಲಕ್ಕೆ, ಮಳೆ ಬಿಡದಿದ್ದರೆ ಮೂರಕ್ಕೆ. ಎಲ್ಲ ಸೇರಿ 1,40,000 ಎಂದುಕೊಳ್ಳಿ. ಬೆಳೆಸಾಲ ಕಟ್ಟಿ ಮತ್ತೆ ಎತ್ತುವವರು ಅದನ್ನು ಈ ಪಾಲಿನಲ್ಲೇ ತೋರಿಸಬೇಕು, ಬೇರೆಯಾಗಿ ಬರೆದರೆ ಒಂದೇ ಖರ್ಚು ಎರಡು ಸಲ ಬರುತ್ತದೆ.

ಎರಡನೇ ಪಾಲು ಮನೆಗೆ. ತಿಂಗಳಿಗೆ 15,000ದಂತೆ ಹನ್ನೆರಡು ತಿಂಗಳಿಗೆ 1,80,000. ಇದನ್ನು ಬೇರೊಂದು ಉಳಿತಾಯ ಖಾತೆಗೆ ಹಾಕಿ, ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು ಮನೆಖರ್ಚಿನ ಖಾತೆಗೆ 15,000 ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ನಿಮಗೆ ನೀವೇ ಸಂಬಳ ಕೊಟ್ಟುಕೊಂಡ ಹಾಗೆ. ಆ ಖಾತೆಯ ಎಟಿಎಂ ಕಾರ್ಡ್, ಮೊಬೈಲ್ ಪಾವತಿ ಎರಡೂ ಬೇಡ. ಶ್ರಾವಣಕ್ಕೆ ಖಾಲಿಯಾಗುವ ರೋಗಕ್ಕೆ ಇದೇ ಮದ್ದು. ಜೂನ್‌ನ ಶಾಲೆ ಫೀಸು ಮಾತ್ರ ಹನ್ನೆರಡು ಭಾಗ ಮಾಡದೆ ಒಟ್ಟಿಗೇ ತೆಗೆದಿಡಿ.

ಉಳಿದದ್ದು 80,000. ಅದರಲ್ಲಿ ಮೂರು ತಿಂಗಳ ಮನೆಖರ್ಚು, 45,000, ಆಸ್ಪತ್ರೆಯಂಥ ತುರ್ತಿಗೆ ಮುಟ್ಟದೆ ಇಡಬೇಕು. ಮಿಕ್ಕ 35,000 ಈ ವರ್ಷದ ಉಳಿತಾಯದ ಗುರಿ. ‘ವರ್ಷಕ್ಕೆ 1,20,000’ ಅನ್ನುವ ಚಂದದ ಅಂಕಿ ಎಲ್ಲಿಂದಲೋ ಎತ್ತಿಕೊಂಡದ್ದು, 35,000 ನಿಮ್ಮ ತೋಟದಿಂದ ಇಳಿಸಿದ್ದು. ಧಾರಣೆ ಏರಿದರೆ ಹೆಚ್ಚಿಗೆ ಬಂದದ್ದರಲ್ಲಿ ಅರ್ಧ ಸಾಲಕ್ಕೆ, ಕಾಲು ಉಳಿತಾಯಕ್ಕೆ, ಕಾಲು ಮನೆಯವರ ಇಷ್ಟಕ್ಕೆ ಎಂದು ಇವತ್ತೇ ಬರೆದಿಡಿ. ಬೆಲೆ ಏರಿದ ದಿನ ಕೂತು ಮಾತಾಡಿದರೆ ಜಗಳವಾಗುತ್ತದೆ.

ಎಲ್ಲಿ ಇಡುವುದು? ಅಂಚೆ ಕಚೇರಿಯ ಆರ್‌ಡಿ ತಿಂಗಳು ತಿಂಗಳು ಕಟ್ಟುವಂಥದ್ದು. ತಪ್ಪಿದ ಕಂತಿಗೆ ಸಣ್ಣ ದಂಡವಿದೆ, ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ದುಡ್ಡು ಕಾಣುವವರಿಗೆ ಅದು ಹೊಂದುವುದಿಲ್ಲ. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ವರ್ಷದಲ್ಲಿ 500ರಿಂದ 1.5 ಲಕ್ಷದವರೆಗೆ ಯಾವಾಗ ಬೇಕಾದರೂ ಹಾಕಬಹುದು, ಆದರೆ ಅವಧಿ 15 ವರ್ಷ. ತುರ್ತಿನ ಹಣವನ್ನು ಯಾವ ಕಾರಣಕ್ಕೂ ಅಲ್ಲಿ ಇಡಬೇಡಿ.

ಪ್ರಶ್ನೆ: ಮದುವೆಯಾದಾಗ ಡಿಗ್ರಿ ಅರ್ಧಕ್ಕೆ ನಿಂತಿತು. ಈಗ 38. ಈ ವರ್ಷ ಮತ್ತೆ ಓದಬೇಕು. ಕೂಡು ಕುಟುಂಬ, ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಸಾಕಾಗುತ್ತದೆಯೆ?
(ಗೃಹಿಣಿ, ಹೊಸನಗರ ತಾಲ್ಲೂಕು)

ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಸಾಲದು. ಒಂದು ಸೆಮಿಸ್ಟರಿಗೆ ಐದು ಪುಸ್ತಕ, ಒಂದೊಂದು 200 ಪುಟ ಎಂದಿಟ್ಟುಕೊಳ್ಳಿ, ಸಾವಿರ ಪುಟ. ಕೈಯಲ್ಲಿರುವುದು 20 ವಾರ. ವಾರಕ್ಕೆ 50 ಪುಟ ಆಗಬೇಕು. ಟಿಪ್ಪಣಿ ಮಾಡಿಕೊಂಡು ಓದಿದರೆ ಗಂಟೆಗೆ ಆರು ಪುಟ. ಮುಕ್ಕಾಲು ಗಂಟೆಯಂತೆ ವಾರಕ್ಕೆ ಐದು ದಿನ ಕೂತರೆ 22 ಪುಟ. ಅರ್ಧವೂ ಅಲ್ಲ. ಈ ಲೆಕ್ಕ ಮಾಡದೆ ಹಣ ಕಟ್ಟಿದವರು ಮೂರನೇ ತಿಂಗಳಲ್ಲಿ ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ.

ದಿನಕ್ಕೆ ಒಂದೂಕಾಲು ಗಂಟೆ, ವಾರಕ್ಕೆ ಆರು ದಿನ ಆದರೆ 45 ಪುಟ, ಹತ್ತಿರಕ್ಕೆ ಬಂತು. ಆದ್ದರಿಂದ ನಿಮ್ಮ ಮೊದಲ ಗುರಿ ಓದುವುದಲ್ಲ, ಇನ್ನೊಂದು ಅರ್ಧ ಗಂಟೆ ಬಿಡಿಸಿಕೊಳ್ಳುವುದು. ಮನೆಯಲ್ಲಿ ‘ನಾನು ಓದಬೇಕು’ ಅಂದರೆ ಎಲ್ಲರೂ ‘ಓದು, ಯಾರು ಬೇಡ ಅಂದರು?’ ಅನ್ನುತ್ತಾರೆ, ಮೂರು ಗಂಟೆಗೆ ಕಾಫಿ ಕೇಳುತ್ತಾರೆ. ಕೆಲಸದ ಹೆಸರು ಹಿಡಿದು ಕೇಳಿ: ‘ಅತ್ತೆ, ಎರಡೂವರೆಯಿಂದ ಮೂರೂ ಮುಕ್ಕಾಲರವರೆಗೆ ಬಂದವರಿಗೆ ಕಾಫಿ ನೀವು ಕೊಡಿ, ರಾತ್ರಿ ಪಾತ್ರೆಗೆ ನಿಮ್ಮನ್ನು ಕರೆಯುವುದಿಲ್ಲ.’ ಯಜಮಾನರಿಗೂ ಒಂದು ಕೆಲಸ ಹೆಸರಿಸಿ ಕೊಡಿ, ಮಕ್ಕಳನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳುವುದೋ, ಸಂಜೆ ಹಾಲು ಡೇರಿಗೆ ಹಾಕುವುದೋ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಶಿವಮೊಗ್ಗದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಹಣ ಕಟ್ಟುವ ಮೊದಲು ಅಲ್ಲಿ ಮೂರು ವಿಷಯ ಕೇಳಿ: ಹಳೆಯ ಅಂಕಪಟ್ಟಿಗೆ ಬೆಲೆ ಸಿಗುತ್ತದೆಯೇ, ಪರೀಕ್ಷಾ ಕೇಂದ್ರ ಎಲ್ಲಿ, ಪರೀಕ್ಷೆ ಯಾವ ತಿಂಗಳು. ಪರೀಕ್ಷೆ ಸುಲಿತದ ನಡುವೆ ಬೀಳುವುದಾದರೆ ಮನೆಯವರಿಗೆ ಈಗಲೇ ಹೇಳಿಡಿ. ಅರ್ಧ ಗಂಟೆ ಸಿಗಲಿಲ್ಲವೆ? ಹಾಗಾದರೆ ಈ ವರ್ಷ ಡಿಗ್ರಿ ಬೇಡ, ಒಂದೇ ಪುಸ್ತಕದ ಒಂದು ಸಣ್ಣ ಕೋರ್ಸು ಮಾಡಿ. ವಾರಕ್ಕೆ 22 ಪುಟದಂತೆ 200 ಪುಟ ಸುಮಾರು ಒಂಬತ್ತು ವಾರದಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಸಮಯ ಕೇಳುವಾಗ ತೋರಿಸಲು ಕೈಯಲ್ಲಿ ಒಂದು ಪ್ರಮಾಣಪತ್ರವೂ ಇರುತ್ತದೆ.

ಪ್ರಶ್ನೆ: ಈ ವರ್ಷ ಸರ್ಕಾರಿ ಕೆಲಸ ಹಿಡಿಯಲೇಬೇಕು. ಇದಕ್ಕಿಂತ ಸ್ಪಷ್ಟ ಗುರಿ ಯಾವುದಿದೆ?
(24 ವರ್ಷ, ಭದ್ರಾವತಿ)

ಸ್ಪಷ್ಟ ಹೌದು, ನಿಮ್ಮ ಕೈಯಲ್ಲಿರುವುದಲ್ಲ. ಅಧಿಸೂಚನೆ ಯಾವಾಗ, ಹುದ್ದೆ ಎಷ್ಟು, ಪರೀಕ್ಷೆ ಮುಂದೆ ಹೋಗುತ್ತದೆಯೇ, ಯಾವುದೂ ನಿಮ್ಮ ಡೈರಿಯನ್ನು ಕೇಳುವುದಿಲ್ಲ. ಕೈಯಲ್ಲಿರುವುದನ್ನು ಗುರಿ ಮಾಡಿ: ವಾರಕ್ಕೊಂದು ಪೂರ್ಣ ಮಾದರಿ ಪರೀಕ್ಷೆ, ಗಡಿಯಾರ ಇಟ್ಟು, ನಡುವೆ ಏಳದೆ. ಮರುದಿನ ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಓದಿದ್ದು ಮರೆತೆ, ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. ನಾಲ್ಕು ವಾರ ಕಳೆದ ಮೇಲೆ ಎಣಿಸಿ. ‘ತಪ್ಪಾಗಿ ಓದಿದೆ’ ಹೆಚ್ಚಿದ್ದರೆ ಇನ್ನೊಂದು ಕೋಚಿಂಗಿಗೆ ಹಣ ಸುರಿದು ಪ್ರಯೋಜನವಿಲ್ಲ.

ತಪ್ಪಿಗೆ ಕಾಲು ಅಂಕ ಕಳೆಯುವ, ನಾಲ್ಕು ಆಯ್ಕೆಗಳ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಹೆಚ್ಚುಕಮ್ಮಿ ಸೊನ್ನೆ. ಎರಡು ಆಯ್ಕೆ ತಪ್ಪೆಂದು ಖಚಿತವಾಗಿ ತೆಗೆದುಹಾಕಲು ಬಂದರೆ ಮೂರನೇ ಒಂದು ಅಂಕಕ್ಕಿಂತ ಹೆಚ್ಚು ಲಾಭ. ಊಹೆಯನ್ನೂ ಹೀಗೆ ಅಭ್ಯಾಸ ಮಾಡಬೇಕು. ಇನ್ನೊಂದು ಸಾಲನ್ನು ಮನೆಯವರ ಎದುರೇ ಬರೆಯಿರಿ: ಯಾವ ವಯಸ್ಸಿನವರೆಗೆ ಪೂರ್ಣಾವಧಿ ತಯಾರಿ, ಆಮೇಲೆ ಯಾವ ಕೆಲಸ ಮಾಡುತ್ತಾ ತಯಾರಿ. ಈ ಸಾಲು ಬರೆಯದೆ ಮೂವತ್ತು ದಾಟಿದವರು ನಮ್ಮ ಜಿಲ್ಲೆಯ ಗ್ರಂಥಾಲಯಗಳಲ್ಲಿ ಬೇಕಾದಷ್ಟಿದ್ದಾರೆ.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದಂತೆ. ನಾನು 15ನೇ ದಿನ ತಪ್ಪಿಸಿದೆ. ಮತ್ತೆ ಒಂದರಿಂದ ಎಣಿಸಬೇಕೆ?
(ಶಿಕಾರಿಪುರ)

ಬೇಡ. ಆ 21 ದಿನದ ಮಾತು ಹರಡಿದ್ದು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಬರೆದದ್ದರಿಂದ. ನಡಿಗೆಗೂ ಓದಿಗೂ ಅದಕ್ಕೂ ಸಂಬಂಧವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಕೂಡಲು ಹಿಡಿದದ್ದು 18ರಿಂದ 254 ದಿನ, ನಡುವಿನ ಅಂಕಿ 66. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಕೂಡಿತು, ವ್ಯಾಯಾಮ ನಿಧಾನ. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ನಷ್ಟ ಮಾಡುವುದು ‘ಹೇಗೂ ತಪ್ಪಿತಲ್ಲ, ಇನ್ನು ಸೋಮವಾರದಿಂದ’ ಎನ್ನುವ ಮಾತು. ಎರಡು ದಿನ ಸಾಲಾಗಿ ತಪ್ಪಿದರೆ ಮೂರನೇ ದಿನ ಕಾಲು ಭಾಗವಾದರೂ ಮಾಡಿ. ಎರಡು ವಾರ ಪೂರಾ ತಪ್ಪಿದ್ದರೆ ಮಾತ್ರ ಕಾರಣ ಹುಡುಕಿ: ಹೊತ್ತು ತಪ್ಪಾಗಿತ್ತೆ, ಪ್ರಮಾಣ ಹೆಚ್ಚಿತ್ತೆ, ಅಥವಾ ಆ ಗುರಿ ನಿಮ್ಮದೇ ಅಲ್ಲವೆ? ಭಾವನವರು ಮಾಡುತ್ತಾರೆಂದು ಹಿಡಿದ ಗುರಿಯನ್ನು ನಾಚಿಕೆಯಿಲ್ಲದೆ ಬಿಟ್ಟುಬಿಡಬಹುದು.

ಪ್ರಶ್ನೆ: ದಾಖಲೆ ಇಡಲು ಮೊಬೈಲ್ ಆ್ಯಪ್ ಒಳ್ಳೆಯದೋ ಡೈರಿಯೋ?
(ಆಗುಂಬೆ)

ನಿಮ್ಮ ಊರಿಗೆ ಗೋಡೆ ಕ್ಯಾಲೆಂಡರ್. ಜುಲೈಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನಗಳಲ್ಲಿ ಆ್ಯಪ್ ತೆರೆಯುವವರಿಲ್ಲ. ತಾರೀಕಿನ ಮನೆ ದೊಡ್ಡದಿರುವ ಕ್ಯಾಲೆಂಡರನ್ನು ಆ ಕೆಲಸ ಮಾಡುವ ಜಾಗದಲ್ಲೇ, ಕಾಫಿಯದಾದರೆ ಅಡುಗೆಮನೆಯಲ್ಲಿ, ನಡಿಗೆಯದಾದರೆ ಚಪ್ಪಲಿ ಬಿಡುವಲ್ಲಿ ತೂಗುಹಾಕಿ. ಮಾಡಿದ ದಿನ ಒಂದು ಗೆರೆ, ಸಣ್ಣದಾಗಿ ಮಾಡಿದ ದಿನ ಚುಕ್ಕಿ, ಮಾಡದ ದಿನ ಖಾಲಿ. ತಿಂಗಳ ಕೊನೆಗೆ ಗೆರೆ, ಚುಕ್ಕಿ ಎಣಿಸಿ ಪುಟದ ಕೆಳಗೇ ಬರೆಯಿರಿ. ಗೆರೆಗಳು ಅರ್ಧಕ್ಕಿಂತ ಕಡಿಮೆಯಿದ್ದರೆ ಮುಂದಿನ ತಿಂಗಳ ಪ್ರಮಾಣ ಇಳಿಸಿ. ಬರೆಯಲು ಸೀಸದ ಕಡ್ಡಿ ಬಳಸಿ, ಮಳೆಗಾಲದ ಥಂಡಿಗೆ ಪೆನ್ನಿನ ಶಾಯಿ ಹರಡಿಕೊಳ್ಳುತ್ತದೆ. ಕ್ಯಾಲೆಂಡರ್ ಹೊರಗೋಡೆಗೆ ಬೇಡ, ಒಳಗೋಡೆಗಿರಲಿ. ಹೊರಗೋಡೆಯದು ಆಗಸ್ಟ್ ಹೊತ್ತಿಗೆ ಬೂಸಲು ಹಿಡಿದಿರುತ್ತದೆ.